ಕತೆ ನಮ್ಮದು, ಗೆರೆ ಯಾರದು?



ಹೋದ ಮಳೆಗಾಲದಲ್ಲಿ ನಗರದಿಂದ ಇಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಒಳ್ಳೆಯ ಜನವೇ. ಕೇರಿಯೊಳಕ್ಕೆ ಬಂದು ಜಗುಲಿಯ ಮೇಲೆ ಕೂತರು, ಕೊಟ್ಟ ಟೀ ಕುಡಿದರು, ಕುಡಿಯುವುದರ ಫೋಟೊವನ್ನೂ ತೆಗೆದುಕೊಂಡರು. ಆಮೇಲೆ ಬಂದ ಕೆಲಸ ಹೇಳಿದರು. ಅವರು ಕಾಮಿಕ್ಸ್ ಸಂಕಲನವೊಂದನ್ನು ತರುತ್ತಿದ್ದಾರೆ. ೨೦ ಮಂದಿ ಕಲಾವಿದರು, ೨೦ ಬಗೆಯ ಗೆರೆ, ಕತೆ ಹೇಳುವ ೨೦ ಬಗೆಯ ರೀತಿ. ದಪ್ಪ ಕಾಗದ, ಬಣ್ಣದ ಅಚ್ಚು. ‘ಎಲ್ಲರ ದನೀನೂ ಇದ್ರಲ್ಲಿ ಇರಬೇಕು ಅನ್ನೋದು ನಮ್ಮ ಆಸೆ. ನಿಮ್ಮ ಕಡೆಯಿಂದ ಒಂದು ಕತೆ ಕೊಡಿ. ಬಾವೀದಾಗ್ಲಿ, ಗುಡೀದಾಗ್ಲಿ, ಹೋಟ್ಲು ಲೋಟದ್ದಾಗ್ಲಿ. ಚಿತ್ರ ನಮ್ಮವರು ಬರೀತಾರೆ’ ಅಂದರು.

ನಮ್ಮ ಗುಂಪಿನಲ್ಲೇ ಚಿತ್ರ ಬರೆಯುವ ಹುಡುಗಿ ಇದ್ದಾಳೆ. ಏಪ್ರಿಲ್ ೧೪ರ ಬ್ಯಾನರಿಗೆ ಬಾಬಾಸಾಹೇಬರ ಮುಖ ಬರೆಯುವವಳು ಅವಳೇ. ಸಂಘದ ಗೋಡೆಬರಹವೂ ಅವಳದೇ. ಅವಳ ನೋಟುಬುಕ್ಕನ್ನು ಬಂದವರ ಮುಂದಿಟ್ಟೆವು. ಅದರಲ್ಲಿ ಅವಳ ಅವ್ವ ಊರೊಳಗಿನ ದೊಡ್ಡಮನೆಯ ಕೊಟ್ಟಿಗೆ ಬಳಿಯುವ ಕತೆ ಇದೆ. ೯ ಪುಟ, ಒಂದು ಮಾತೂ ಇಲ್ಲ. ಅವ್ವನ ಬಗ್ಗಿದ ಬೆನ್ನು ಪುಟದಿಂದ ಪುಟಕ್ಕೆ ದೊಡ್ಡದಾಗುತ್ತ ಹೋಗಿ, ಕೊನೆಯ ಪುಟದಲ್ಲಿ ಆ ದೊಡ್ಡಮನೆಯೇ ಅವಳ ಬೆನ್ನ ಮೇಲೆ ಕೂತಿರುತ್ತದೆ. ಬಂದವರು ಹಾಳೆ ತಿರುವಿದರು. ‘ತುಂಬಾ ಶಕ್ತಿ ಇದೆ. ಆದ್ರೆ ಕೈ ಇನ್ನೂ ಪಳಗಬೇಕು. ಈ ಕತೇನ ನಮ್ಮ ಕಲಾವಿದರ ಹತ್ರ ಬರೆಸೋಣ’ ಅಂದರು.

ನಾವು ಕತೆ ಕೊಡಲಿಲ್ಲ. ಅವರು ಬೇಜಾರು ಮಾಡಿಕೊಂಡು ಹೋದರು. ನಮ್ಮಲ್ಲೇ ಕೆಲವರು ‘ಬಾಗಿಲಿಗೆ ಬಂದದ್ದನ್ನ ಕಳ್ಕೊಂಡ್ರಲ್ಲಯ್ಯ’ ಅಂತ ಬೈದರು. ಅವತ್ತಿನಿಂದ ಜಗಳ ನಿಂತಿಲ್ಲ. ಈ ಬರಹವೂ ಆ ಜಗಳದ ಒಂದು ಭಾಗ. ನಾವು ಹೇಳುವುದು ಇಷ್ಟೇ: ಸಂಕಲನವೊಂದರಲ್ಲಿ ಎಷ್ಟು ಶೈಲಿಗಳಿವೆ ಎಂದು ಎಣಿಸಿ ಅದನ್ನು ಅಳೆಯಬೇಡಿ. ಯಾರ ಕೈ ಗೆರೆ ಎಳೆಯಿತು, ಯಾರು ಕೂತು ಆಯ್ದರು, ಯಾರಿಗೆ ಕಾಸು ಸಿಕ್ಕಿತು ಎಂದು ಕೇಳಿ ಅಳೆಯಿರಿ.

*

‘ಕೂಲಿ ಇಲ್ಲ, ಭೂಮಿ ಇಲ್ಲ, ಡಿಗ್ರಿ ಮುಗಿಸಿದ ಹುಡುಗರು ಬೀದಿ ಸುತ್ತುತಿದಾರೆ, ಇವರಿಗೆ ಕಾಮಿಕ್ಸಿನ ಚಿಂತೆ’ ಎಂದು ನಗುವವರು ನಗಲಿ. ನಮ್ಮ ಮನೆಗಳಿಗೆ ಅಕ್ಷರ ಬಂದದ್ದು ನಮ್ಮ ತಲೆಮಾರಿನಿಂದ. ನಮ್ಮ ಅಪ್ಪಂದಿರು ನಮ್ಮ ಪದವಿಯ ಕಾಗದವನ್ನು ತಲೆಕೆಳಗಾಗಿ ಹಿಡಿದು ಕಣ್ಣಿಗೊತ್ತಿಕೊಂಡವರು. ನಾವು ಬರೆದ ಪದ್ಯ ಅವರಿಗೆ ಮುಟ್ಟುವುದಿಲ್ಲ, ನಾವೇ ಓದಿ ಹೇಳಬೇಕು. ಚಿತ್ರ ಮಾತ್ರ ನೇರವಾಗಿ ಮುಟ್ಟುತ್ತದೆ. ಆ ನೋಟುಬುಕ್ಕಿನ ೯ ಪುಟಗಳನ್ನು ಅವಳ ಅವ್ವ ಒಬ್ಬಳೇ ಕೂತು ನೋಡಿದಳು. ಕೊನೆಯ ಪುಟಕ್ಕೆ ಬಂದು ‘ಇಷ್ಟು ಭಾರ ಇತ್ತೇನೇ?’ ಎಂದು ಕೇಳಿದಳು. ಯಾವ ವಿಮರ್ಶಕ ಇದಕ್ಕಿಂತ ಹೆಚ್ಚು ಹೇಳುತ್ತಾನೆ?

ನಾವು ಓದಿದ ಶಾಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ಮೇಷ್ಟ್ರು ಅದನ್ನು ತೆಗೆಯುತ್ತಿದ್ದರು. ಹಳೆಯ ಚಂದಮಾಮ, ಬಾಲಮಂಗಳ, ಅಟ್ಟೆ ಹರಿದ ಅಮರ ಚಿತ್ರ ಕಥೆ. ನಮ್ಮ ಕೇರಿಯ ಮಕ್ಕಳಿಗೆ ಕೊಡುವಾಗ ಮಾತ್ರ ‘ಕೈ ತೊಳ್ಕಂಬಾರೋ’ ಅನ್ನುತ್ತಿದ್ದರು. ತೊಳೆದುಕೊಂಡು ಬರುವಷ್ಟರಲ್ಲಿ ಒಳ್ಳೆಯವೆಲ್ಲ ಬೇರೆಯವರ ಕೈ ಸೇರಿರುತ್ತಿದ್ದವು. ಉಳಿದದ್ದನ್ನು ನಾವು ಓದಿದೆವು, ಪ್ರೀತಿಯಿಂದಲೇ ಓದಿದೆವು. ಓದಿ ಏನು ಕಲಿತೆವು? ರಾಕ್ಷಸರು ಕರ್ರಗೆ, ನಮ್ಮ ಮಾವಂದಿರ ಹಾಗೆ. ದೇವರು, ರಾಜ, ರಾಣಿ ಬೆಳ್ಳಗೆ, ನಾವು ಯಾರನ್ನೂ ಹತ್ತಿರದಿಂದ ಕಾಣದ ಹಾಗೆ. ಬಡವ ಬಂದರೆ ಚೌಕದ ಮೂಲೆಯಲ್ಲಿ ಕೈ ಮುಗಿದು ನಿಂತಿರುತ್ತಾನೆ.

ಅಮರ ಚಿತ್ರ ಕಥೆಗೆ ನಮ್ಮ ನಾಡಿನ ನಂಟು ಇದೆ. ಅದನ್ನು ಕಟ್ಟಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಆ ಹೆಸರಿನ ಮೊದಲ ಪುಸ್ತಕಗಳು ೧೯೬೦ರ ದಶಕದಲ್ಲಿ ಕನ್ನಡದಲ್ಲೇ ಬಂದವು. ರಾಮ್ ವಾಯೀರ್ಕರ್, ಪ್ರತಾಪ್ ಮುಳಿಕ್, ದಿಲೀಪ್ ಕದಂ, ಹೀಗೆ ಎಷ್ಟೋ ಕೈಗಳು ಅದಕ್ಕೆ ಬರೆದವು. ಕೈ ಹಲವು, ಕಣ್ಣು ಒಂದೇ. ದೇಶ ಎಂದರೆ ಯಾರು ಎಂದು ಆ ಕಣ್ಣು ಮೊದಲೇ ತೀರ್ಮಾನಿಸಿತ್ತು. ದೇವರು, ರಾಜರು, ಋಷಿಗಳು ಸಾಲುಸಾಲಾಗಿ ಬಂದು, ಬಾಬಾಸಾಹೇಬರ ಸರದಿ ಬಂದದ್ದು ೧೯೭೯ರಲ್ಲಿ. ಅದೇ ವರ್ಷ ಧರ್ಮಸ್ಥಳದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದರೆ ಕೊಡಲಿಲ್ಲ. ನಮ್ಮ ಹಿರಿಯರು ಬೆಂಗಳೂರಿನಲ್ಲಿ ತಮ್ಮದೇ ಬಂಡಾಯ ಸಮ್ಮೇಳನ ಮಾಡಿದರು. ಒಂದು ಕಡೆ ಬಾಬಾಸಾಹೇಬರು ಬಣ್ಣದ ಪುಸ್ತಕವಾಗಿ ಅಂಗಡಿಗೆ ಬಂದರು, ಇನ್ನೊಂದು ಕಡೆ ಅವರ ಮಕ್ಕಳಿಗೆ ವೇದಿಕೆ ಇಲ್ಲ. ಕತೆ ಬೇಕು, ಕತೆಯವರು ಬೇಡ. ಮೊನ್ನೆ ನಮ್ಮ ಜಗುಲಿಯ ಮೇಲೆ ಕೂತಿದ್ದದ್ದೂ ಇದೇ ಮಾತು.

*

ಈಗ ಅಮರ ಚಿತ್ರ ಕಥೆಯ ಕಾಲ ಹೋಯಿತು, ಈಗಿನ ಸಂಕಲನಗಳು ಹಾಗಲ್ಲ ಅನ್ನುತ್ತಾರೆ. ಒಪ್ಪುತ್ತೇವೆ. ಈಗ ಒಂದೇ ಪುಸ್ತಕದಲ್ಲಿ ಒಬ್ಬರದು ಇದ್ದಿಲಿನ ಗೆರೆ, ಒಬ್ಬರದು ಜಲವರ್ಣ, ಒಬ್ಬರದು ಫೋಟೊ ಕತ್ತರಿಸಿ ಅಂಟಿಸಿದ್ದು. ಒಬ್ಬರು ಕತೆಯನ್ನು ಹಿಂದಿನಿಂದ ಹೇಳುತ್ತಾರೆ, ಒಬ್ಬರು ಹೇಳುವುದೇ ಇಲ್ಲ. ನೋಡಲು ಚೆಂದ. ಆದರೆ ಪುಸ್ತಕದ ಕೊನೆಯಲ್ಲಿ ಕಲಾವಿದರ ಪರಿಚಯ ಎಂದು ಎರಡು ಪುಟ ಇರುತ್ತದಲ್ಲ, ಅದನ್ನು ಓದಿ. ಅದೇ ನಾಲ್ಕು ನಗರ, ಅದೇ ಐದಾರು ಕಲಾಶಾಲೆ, ಅದೇ ಇಂಗ್ಲಿಷು. ಗೆರೆ ೨೦ ಬಗೆ, ಬೀದಿ ಒಂದೇ. ಜಾತ್ರೆಯ ಬಳೆ ಅಂಗಡಿಯಲ್ಲಿ ನೂರು ಬಣ್ಣದ ಬಳೆ ಇರುತ್ತದೆ, ಸಾಹುಕಾರ ಒಬ್ಬನೇ.

ನಮ್ಮ ಹೋಟೆಲುಗಳಲ್ಲಿ ನಮಗೆಂದೇ ಬೇರೆ ಲೋಟ ಇಟ್ಟಿರುತ್ತಿದ್ದರು. ಈಗಲೂ ಇಡುವ ಊರುಗಳಿವೆ. ಟೀ ಅದೇ, ರುಚಿ ಅದೇ, ಕಾಸು ಅಷ್ಟೇ. ಲೋಟ ಮಾತ್ರ ಬೇರೆ, ಕುಡಿದು ನಾವೇ ತೊಳೆದಿಡಬೇಕು. ಸಂಕಲನದಲ್ಲಿ ‘ದಲಿತ ದನಿ’ ಎಂದು ಒಂದೇ ಒಂದು ಕತೆಗೆ ಜಾಗ ಬಿಡುವುದು, ಆ ಕತೆ ಬಾವಿಯದೋ ಗುಡಿಯದೋ ಆಗಿರಬೇಕೆಂದು ಮೊದಲೇ ಹೇಳಿಬಿಡುವುದು ಆ ಲೋಟವೇ. ನಮ್ಮ ಹುಡುಗ ಒಬ್ಬ ಪ್ರೇಮದ ಕತೆ ಬರೆದು ತಂದರೆ? ನಗೆಯ ಕತೆ, ದೆವ್ವದ ಕತೆ ತಂದರೆ? ‘ಇದರಲ್ಲಿ ನಿಮ್ಮ ಅನುಭವ ಎಲ್ಲಿ?’ ಅನ್ನುತ್ತಾರೆ. ಹತ್ತು ಬಗೆಯಲ್ಲಿ ಕತೆ ಹೇಳುವ ಸ್ವಾತಂತ್ರ್ಯ ಅವರಿಗೆ. ನಮಗೆ ಒಂದೇ ಬಗೆ, ಅತ್ತು ತೋರಿಸುವುದು.

*

ಸಂಕಲನ ಬೇರೆ ರೀತಿಯಲ್ಲೂ ಇರಬಹುದು ಎಂದು ನಾವು ಕಲಿತದ್ದು ದೂರದ ಜಪಾನಿನಿಂದ. ಜಪಾನು ಎಂದರೆ ಭೂಕಂಪ, ವೇಗದ ರೈಲು, ಶಿಸ್ತು ಎಂದು ನಮಗೆ ಪಾಠ ಮಾಡಿದರು. ಅಲ್ಲೂ ಕೇರಿ ಇದೆ ಎಂದು ಯಾರೂ ಹೇಳಿಕೊಡಲಿಲ್ಲ. ಇದೆ. ಸತ್ತ ದನ ಸುಲಿಯುವವರು, ಚರ್ಮ ಹದ ಮಾಡುವವರು, ಮರಣದಂಡನೆಯ ಕೆಲಸಕ್ಕೆ ಹಚ್ಚಿದವರು, ಇವರನ್ನು ಊರಾಚೆ ಇಟ್ಟು ‘ಎತಾ’ ಎಂದರು. ಎತಾ ಎಂದರೆ ಹೊಲಸು ತುಂಬಿದವರು. ಇನ್ನೊಂದು ಗುಂಪನ್ನು ‘ಹಿನಿನ್’ ಎಂದರು. ಹಿನಿನ್ ಎಂದರೆ ಮನುಷ್ಯರಲ್ಲದವರು. ೧೮೭೧ರಲ್ಲಿ ಸರ್ಕಾರ ಈ ಹೆಸರುಗಳನ್ನು ರದ್ದು ಮಾಡಿತು. ಕಾನೂನು ರದ್ದು ಮಾಡಿದ್ದನ್ನು ಊರು ರದ್ದು ಮಾಡುವುದಿಲ್ಲ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ೧೯೨೨ರಲ್ಲಿ ಆ ಜನ ಕ್ಯೋಟೋ ನಗರದಲ್ಲಿ ಸೇರಿ ಸುಯಿಹೇಯ್‌ಶಾ ಎಂಬ ಸಂಘ ಕಟ್ಟಿದರು. ಕಪ್ಪು ಬಾವುಟದ ಮೇಲೆ ಕೆಂಪು ಮುಳ್ಳಿನ ಕಿರೀಟ. ಇಷ್ಟಾದರೂ ೧೯೭೫ರಲ್ಲಿ ಒಂದು ಗುಟ್ಟು ಬಯಲಾಯಿತು: ಯಾವ ಯಾವ ಊರಿನ ಯಾವ ಬಡಾವಣೆ ಕೇರಿ ಎಂದು ಪಟ್ಟಿ ಮಾಡಿ, ಪುಸ್ತಕ ಮಾಡಿ ಕಂಪನಿಗಳಿಗೆ ಮಾರುತ್ತಿದ್ದರು. ಕೆಲಸಕ್ಕೆ ಅರ್ಜಿ ಹಾಕಿದ ಹುಡುಗನ ವಿಳಾಸ ಆ ಪಟ್ಟಿಯಲ್ಲಿ ಇದ್ದರೆ ಅರ್ಜಿ ಕಸದ ಬುಟ್ಟಿಗೆ. ಬಾಡಿಗೆ ಮನೆ ಕೇಳಲು ಹೋದಾಗ ‘ಯಾವ ಊರು, ಯಾವ ಬೀದಿ’ ಎಂದು ನಮ್ಮನ್ನು ಕೇಳುತ್ತಾರಲ್ಲ, ಅದನ್ನೇ ಅವರು ಅಚ್ಚು ಹಾಕಿಸಿದ್ದರು.

ಆ ದೇಶದಲ್ಲಿ ೧೯೬೪ರಲ್ಲಿ ‘ಗಾರೊ’ ಎಂಬ ಮಾಸಪತ್ರಿಕೆ ಹುಟ್ಟಿತು. ಪೂರ್ತಿ ಚಿತ್ರಕತೆಗಳ ಪತ್ರಿಕೆ. ಒಂದೊಂದು ಸಂಚಿಕೆಯೂ ಒಂದು ಸಂಕಲನವೇ. ಪ್ರಕಾಶಕ ನಾಗಾಯ್ ಕಾತ್ಸುಯಿಚಿ. ಅವನು ಅದನ್ನು ಶುರು ಮಾಡಿದ್ದು ‘ವೈವಿಧ್ಯಮಯ ಕಲಾವಿದರನ್ನು ಪರಿಚಯಿಸಲು’ ಅಲ್ಲ. ಶಿರಾತೊ ಸಾಂಪೇಯ್ ಎಂಬ ಚಿತ್ರಕಾರ ಹೇಳಬೇಕೆಂದಿದ್ದ ಒಂದು ಕತೆಗೆ ಜಾಗ ಬೇಕಿತ್ತು. ಶಿರಾತೊ ಬಾಡಿಗೆ ಪುಸ್ತಕದ ಅಂಗಡಿಗಳಿಗೆ ಬರೆದು ಪಳಗಿದವನು. ಪುಸ್ತಕ ಕೊಳ್ಳಲಾಗದ ಜನ ಅಲ್ಲಿ ಚಿಲ್ಲರೆ ಕಾಸು ಕೊಟ್ಟು ಒಯ್ದು ಓದಿ ಹಿಂದಿರುಗಿಸುತ್ತಿದ್ದರು. ಅವನ ಅಪ್ಪ ಒಕಾಮೊತೊ ತೋಕಿ ಶ್ರಮಿಕರ ಪರವಾಗಿ ನಿಂತ ಕಲಾವಿದ.

ಆ ಕತೆಯ ಹೆಸರು ‘ಕಾಮುಯಿ-ದೆನ್’. ೧೯೬೪ರಿಂದ ೧೯೭೧ರವರೆಗೆ ಗಾರೊದಲ್ಲಿ ಧಾರಾವಾಹಿಯಾಗಿ ಬಂತು. ಕಾಮುಯಿ ಹಿನಿನ್ ಕೇರಿಯ ಹುಡುಗ. ಅದೇ ಸೀಮೆಯಲ್ಲಿ ಶೋಸುಕೆ ಎಂಬ ಜೀತದ ರೈತನ ಮಗನೂ ಇದ್ದಾನೆ. ಒಡೆಯರು ಏನು ಮಾಡುತ್ತಾರೆ? ರೈತರು ತಿರುಗಿಬಿದ್ದರೆ ಅವರನ್ನು ಹಿಡಿಯಲು, ಶಿಕ್ಷಿಸಲು ಕೇರಿಯವರನ್ನು ಛೂ ಬಿಡುತ್ತಾರೆ. ರೈತನಿಗೆ ಕೇರಿಯ ಮೇಲೆ ಸಿಟ್ಟು, ಕೇರಿಗೆ ರೈತನ ಮೇಲೆ ಸಿಟ್ಟು. ಕೋಟೆಯ ಒಳಗೆ ಕೂತವನಿಗೆ ನಿದ್ದೆ. ಇದನ್ನು ಓದುವಾಗ ನಮಗೆ ನಮ್ಮದೇ ತಾಲೂಕಿನ ಕತೆ ಓದುತ್ತಿದ್ದೇವೆ ಅನ್ನಿಸಿತು. ಮಕ್ಕಳು ಓದಲಿ ಎಂದು ಶುರುವಾದ ಪತ್ರಿಕೆಯನ್ನು ಕಾಲೇಜು ಹುಡುಗರು ಕಿತ್ತುಕೊಂಡು ಓದಿದರು. ಬೀದಿಗಿಳಿದು ಪೊಲೀಸರ ಲಾಠಿ ತಿನ್ನುತ್ತಿದ್ದ ವಿದ್ಯಾರ್ಥಿಗಳ ಚೀಲದಲ್ಲಿ ಗಾರೊ ಇರುತ್ತಿತ್ತು. ಅದರ ಒಳ್ಳೆಯ ದಿನಗಳಲ್ಲಿ ೮೦,೦೦೦ ಪ್ರತಿಗಳು ಹೋಗುತ್ತಿದ್ದವು.

ಈಗ ನಮ್ಮ ಮಾತಿನ ತಿರುಳಿಗೆ ಬನ್ನಿ. ಒಂದು ಕತೆಗಾಗಿ ತೆರೆದ ಆ ಬಾಗಿಲಿನಿಂದ ಯಾರು ಯಾರು ಒಳಗೆ ಬಂದರು? ಮಿಝುಕಿ ಶಿಗೇರು ಬಂದ. ಯುದ್ಧಕ್ಕೆ ತಳ್ಳಿಸಿಕೊಂಡು ಹೋಗಿ ಎಡಗೈ ಕಳೆದುಕೊಂಡು ಬಂದವನು. ಉಳಿದ ಒಂದೇ ಕೈಯಲ್ಲಿ ದೆವ್ವ ಭೂತಗಳ ಕತೆ ಬರೆದ. ತ್ಸುಗೆ ಯೋಶಿಹಾರು ಬಂದ. ಬಡತನದಲ್ಲಿ ಬೆಳೆದು, ಹುಡುಗನಾಗಿದ್ದಾಗಲೇ ಲೋಹಕ್ಕೆ ಲೇಪ ಹಚ್ಚುವ ಕಾರ್ಖಾನೆಯಲ್ಲಿ ದುಡಿದವನು. ೧೯೬೮ರಲ್ಲಿ ಅವನು ಬರೆದ ‘ನೆಜಿಶಿಕಿ’ಯಲ್ಲಿ ತೋಳಿನ ರಕ್ತನಾಳ ಹರಿದ ಹುಡುಗನೊಬ್ಬ ಡಾಕ್ಟರನ್ನು ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಾನೆ. ಬೀದಿ ತುಂಬ ಇರುವುದು ಕಣ್ಣಿನ ಡಾಕ್ಟರ ಬೋರ್ಡುಗಳು. ಅದು ಕನಸಿನ ಕತೆ, ಅರ್ಥವಾಗದ ಕತೆ ಎಂದು ಪಂಡಿತರು ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಯ ಮುಂದೆ ಚೀಟಿ ಹಿಡಿದು ನಿಂತವರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ತ್ಸುರಿತಾ ಕುನಿಕೊ ಬಂದಳು, ೧೯೬೫ರಲ್ಲಿ, ಇನ್ನೂ ಹದಿಹರೆಯದ ಹುಡುಗಿ. ಗಂಡಸರೇ ತುಂಬಿದ್ದ ಆ ಪುಟಗಳಲ್ಲಿ ಅವಳು ಮೊದಲ ಹೆಣ್ಣಾಗಿ ಬರೆಯುತ್ತ ನಿಂತಳು. ೧೯೮೫ರಲ್ಲಿ ಕಾಯಿಲೆಯಿಂದ ಚಿಕ್ಕ ವಯಸ್ಸಿಗೇ ತೀರಿಕೊಂಡಳು.

ಒಂದರ ಹಾಗೆ ಒಂದಿಲ್ಲ. ಶಿರಾತೊನದು ಓಡುವ ಗೆರೆ, ಮಿಝುಕಿಯದು ಚುಕ್ಕಿಚುಕ್ಕಿ ಸೇರಿಸಿ ನೇಯ್ದ ಕತ್ತಲೆ, ತ್ಸುಗೆಯದು ಎಚ್ಚರವೋ ನಿದ್ದೆಯೋ ತಿಳಿಯದ ನಡಿಗೆ. ಬೇರೆ ಬೇರೆ ಬದುಕಿನವರಿಗೆ ಗೆರೆ ಎಳೆಯಲು ಬಿಟ್ಟರೆ ಶೈಲಿ ತಾನಾಗಿ ಬೇರೆ ಬೇರೆ ಆಗುತ್ತದೆ. ಹೊಲದಲ್ಲಿ ಅಕ್ಕಡಿ ಹಾಕುವವನು ರಾಗಿಯ ನಡುವೆ ಅವರೆ, ತೊಗರಿ, ಜೋಳ ಬಿತ್ತುವುದು ನೋಡಲು ಚೆಂದ ಅಂತಲೇ? ಮನೆಯವರ ಹೊಟ್ಟೆ ತುಂಬಲಿ ಅಂತ. ಚೆಂದ ತಾನಾಗಿ ಬರುತ್ತದೆ. ಗಾರೊ ಅಕ್ಕಡಿ ಹೊಲದ ಹಾಗಿತ್ತು. ನಮ್ಮ ಜಗುಲಿಗೆ ಬಂದ ಸಂಕಲನ ಹೂಕುಂಡಗಳ ಸಾಲಿನ ಹಾಗಿದೆ.

ಗಾರೊವನ್ನು ನಾವು ಪೂಜೆ ಮಾಡುತ್ತಿಲ್ಲ. ಅದರ ತಪ್ಪು ನಮಗೆ ಅದರ ಒಳ್ಳೆಯತನಕ್ಕಿಂತ ದೊಡ್ಡ ಪಾಠ. ಕಾಮುಯಿ ಮುಗಿದ ಮೇಲೆ ಓದುಗರು ಕಡಿಮೆಯಾದರು, ಕಾಸು ಒಣಗಿತು. ಆಮೇಲೆ ಗಾರೊ ತನ್ನಲ್ಲಿ ಬರೆಯುವವರಿಗೆ ಸಂಭಾವನೆ ಕೊಡುವುದನ್ನೇ ನಿಲ್ಲಿಸಿತು. ‘ಇಲ್ಲಿ ಏನು ಬೇಕಾದರೂ ಬರೆಯಬಹುದು, ಕಾಸು ಮಾತ್ರ ಕೇಳಬೇಡಿ’ ಎಂಬಂತಾಯಿತು. ಕೇಳಲು ತ್ಯಾಗದ ಹಾಗೆ ಕೇಳಿಸುತ್ತದೆ. ಕಾಸಿಲ್ಲದೆ ತಿಂಗಳುಗಟ್ಟಲೆ ಕೂತು ಬರೆಯುವುದು ಯಾರಿಂದ ಆಗುತ್ತದೆ? ಮನೆಯಲ್ಲಿ ಅನ್ನ ಇದ್ದವರಿಂದ. ದಿನಗೂಲಿಯ ಹುಡುಗ ಒಂದು ದಿನ ಚಿತ್ರ ಬರೆದರೆ ಒಂದು ದಿನ ಒಲೆ ಹಚ್ಚುವುದಿಲ್ಲ. ಕೇರಿಯ ಕತೆಗಾಗಿ ಹುಟ್ಟಿದ ಪತ್ರಿಕೆಯ ಬಾಗಿಲು ಹೀಗೆ ಕೇರಿಗೆ ಕಿರಿದಾಯಿತು. ಯಾರೂ ಮುಚ್ಚಲಿಲ್ಲ, ಬಡತನವೇ ಮುಚ್ಚಿತು. ನಾಗಾಯ್ ೧೯೯೬ರಲ್ಲಿ ತೀರಿಕೊಂಡ. ೧೯೯೭ರಲ್ಲಿ ಕೆಲಸದವರು ಒಡೆದು ಹೊರಬಂದು ಮರುವರ್ಷ ‘ಆಕ್ಸ್’ ಎಂಬ ಇನ್ನೊಂದು ಪತ್ರಿಕೆ ಹೊರಡಿಸಿದರು. ೨೦೦೨ರಲ್ಲಿ ಗಾರೊ ನಿಂತಿತು.

*

ಆಯ್ಕೆ ಮಾಡುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟವರು ಅಮೆರಿಕದ ಹೆಂಗಸರು. ಅಲ್ಲಿ ೧೯೬೦ರ ದಶಕದ ಕೊನೆಗೆ ಬಂಡಾಯದ ಕಾಮಿಕ್ಸು ಎಂದು ಹೊರಟದ್ದೆಲ್ಲ ಗಂಡಸರ ಕೂಟವಾಗಿತ್ತು. ಸರ್ಕಾರದ ವಿರುದ್ಧ ಬಂಡಾಯ, ಹೆಣ್ಣಿನ ಮೈ ಮೇಲೆ ಮಾತ್ರ ಹಳೆಯ ದರ್ಬಾರು. ೧೯೭೨ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೆಂಗಸರು ಸೇರಿ ‘ವಿಮೆನ್ಸ್ ಕಾಮಿಕ್ಸ್’ ಎಂಬ ತಮ್ಮದೇ ಸಂಕಲನ ತಂದರು. ೨೦ ವರ್ಷ ನಡೆಯಿತು. ಅವರು ಖಾಯಂ ಸಂಪಾದಕಿಯನ್ನು ಇಟ್ಟುಕೊಳ್ಳದೆ, ಸಂಚಿಕೆಯಿಂದ ಸಂಚಿಕೆಗೆ ಸರದಿಯ ಮೇಲೆ ಬದಲಾಯಿಸಿದರು. ಆರಿಸುವ ಕುರ್ಚಿಯ ಮೇಲೆ ಒಬ್ಬರೇ ಬಹಳ ದಿನ ಕೂತರೆ ಅದು ಪಟೇಲಿಕೆ ಆಗುತ್ತದೆ. ಇದು ನಮ್ಮ ಸಂಘಗಳಿಗೂ ಅನ್ವಯಿಸುವ ಮಾತು, ಯಾರೂ ಮುಖ ಗಂಟು ಹಾಕಿಕೊಳ್ಳಬೇಕಾಗಿಲ್ಲ.

ನಮ್ಮ ದೇಶದಲ್ಲೇ ೨೦೧೧ರಲ್ಲಿ ನವಯಾನ ಪ್ರಕಾಶನ ‘ಭೀಮಾಯಣ’ ತಂದಿತು. ಅದು ಸಂಕಲನವಲ್ಲ, ಒಂದೇ ಪುಸ್ತಕ. ಆದರೂ ಅದರಲ್ಲಿ ನಮ್ಮ ಜಗಳಕ್ಕೆ ಬೇಕಾದದ್ದು ಇದೆ. ಮಾತು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಚಿತ್ರ ಮಧ್ಯಪ್ರದೇಶದ ಪರಧಾನ್ ಗೋಂಡ್ ಬುಡಕಟ್ಟಿನ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದು. ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಿಗದ ನೀರು, ಬರೋಡದಲ್ಲಿ ಸಿಗದ ಸೂರು, ಅವರು ಪಟ್ಟ ಪಾಡೆಲ್ಲ ಅದರಲ್ಲಿದೆ. ಕಾಮಿಕ್ಸು ಎಂದ ಮೇಲೆ ಪುಟವನ್ನು ಚೌಕಗಳಾಗಿ ಕತ್ತರಿಸಬೇಕು ಎಂಬುದು ಎಲ್ಲರ ನಿಯಮ. ವ್ಯಾಮ್ ದಂಪತಿ ಚೌಕದೊಳಗೆ ಮನುಷ್ಯರನ್ನು ತುರುಕಲು ಒಪ್ಪಲಿಲ್ಲ, ಉಸಿರಾಡಲು ಜಾಗ ಬೇಕೆಂದರು. ತಮ್ಮ ಮನೆಯ ಗೋಡೆಯ ಅಲಂಕಾರದ ಪಟ್ಟಿಗಳಿಂದಲೇ ಪುಟವನ್ನು ಭಾಗ ಮಾಡಿದರು. ಮೃದುವಾಗಿ ಆಡುವವರ ಮಾತಿಗೆ ಹಕ್ಕಿಯ ಆಕಾರ, ವಿಷ ಕಾರುವವರ ಮಾತಿಗೆ ಚೇಳಿನ ಕೊಂಡಿ. ‘ಕೈ ಪಳಗಬೇಕು’ ಎಂದು ಆ ಇಬ್ಬರನ್ನು ಮೊದಲು ಕಲಾಶಾಲೆಗೆ ಕಳಿಸಿದ್ದರೆ ಆ ಚೇಳು ಹುಟ್ಟುತ್ತಿತ್ತೇ?

ಆ ಪುಸ್ತಕದಲ್ಲೂ ಮಾತು ಒಂದು ಕಡೆಯವರದು, ಗೆರೆ ಇನ್ನೊಂದು ಕಡೆಯವರದು ಎಂಬುದನ್ನು ನಾವು ಮರೆತಿಲ್ಲ. ಆದರೆ ಅಲ್ಲಿ ಗೆರೆ ಎಳೆದವರ ಹೆಸರು ಮುಖಪುಟದ ಮೇಲಿದೆ, ಅವರು ಬೇಡ ಎಂದದ್ದು ನಡೆದಿದೆ. ಕೂಡಿ ಕೆಲಸ ಮಾಡುವುದಕ್ಕೂ ಕೂಲಿಗೆ ಕರೆಯುವುದಕ್ಕೂ ಇರುವ ವ್ಯತ್ಯಾಸ ಇದೇ. ಕೂಡಿ ಮಾಡುವಲ್ಲಿ ‘ಬೇಡ’ ಅನ್ನುವ ಅಧಿಕಾರ ಇಬ್ಬರಿಗೂ ಇರುತ್ತದೆ.

*

‘ಕಲೆಗೆ ಜಾತಿ ಎಲ್ಲಿದೆಯಪ್ಪ? ಗುಣ ನೋಡಿ ಆರಿಸಿದ್ದೀವಿ’ ಅನ್ನುವವರಿಗೆ ಒಂದು ಮಾತು. ಈ ನೆಲದಲ್ಲಿ ಚಿತ್ರ ತೋರಿಸಿ ಕತೆ ಹೇಳಿದವರು ಯಾರು? ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು. ಚರ್ಮ ಹದ ಮಾಡಿ, ತೂತು ಕೊರೆದು, ಬಣ್ಣ ಹಚ್ಚಿ, ದೀಪದ ಮುಂದೆ ಹಿಡಿದು ಇಡೀ ರಾತ್ರಿ ಕತೆ ಹೇಳಿದರು. ಪರದೆಯೇ ಅವರ ಪುಟ. ಅದನ್ನು ‘ಜಾನಪದ’ ಎಂದು ಕರೆದು ವಸ್ತುಸಂಗ್ರಹಾಲಯದ ಗಾಜಿನೊಳಗೆ ಇಟ್ಟರು. ಕಾಗದದ ಮೇಲೆ ಇಂಗ್ಲಿಷಿನಲ್ಲಿ ಮಾಡಿದ್ದು ‘ಕಲೆ’ ಆಯಿತು. ಎಕ್ಕಡ ಹೊಲಿಯುವ ನಮ್ಮ ತಾತನ ಕೈ ಚರ್ಮದ ಮೇಲೆ ಉಳಿಯಿಂದ ಎಳೆದ ಗೆರೆ ಒಂದು ಕೂದಲು ಆಚೀಚೆ ಆಗುತ್ತಿರಲಿಲ್ಲ. ಆ ಕೈಯ ಮೊಮ್ಮಗಳಿಗೆ ‘ಕೈ ಪಳಗಿಲ್ಲ’ ಅಂದರೆ, ಸ್ವಾಮಿ, ಪಳಗಬೇಕಾದದ್ದು ನೋಡುವವರ ಕಣ್ಣು.

*

ಬೇರೆಯವರನ್ನು ಬೈದು ಎದ್ದು ಹೋದರೆ ಈ ಬರಹ ಸುಳ್ಳಾಗುತ್ತದೆ. ಆದ್ದರಿಂದ ನಮ್ಮ ತಪ್ಪನ್ನೂ ಹೇಳುತ್ತೇವೆ. ನಾವು ಒಂದು ಸಣ್ಣ ಪತ್ರಿಕೆ ನಡೆಸುವವರು. ಆ ಹುಡುಗಿಯ ಚಿತ್ರವನ್ನು ಮೂರು ಸಲ ಮುಖಪುಟಕ್ಕೆ ಹಾಕಿದ್ದೇವೆ. ಮೂರು ಸಲವೂ ಅವಳ ಹೆಸರು ಹಾಕಲಿಲ್ಲ. ಪದ್ಯ ಬರೆದ ನಮ್ಮ ಹೆಸರುಗಳು ದಪ್ಪಕ್ಷರದಲ್ಲಿ ಬಂದವು. ಚಳವಳಿಯ ಕೆಲಸಕ್ಕೆ ಕಾಸು ಕೇಳುತ್ತಾರೆಯೇ ಎಂದು ಒಂದು ಪೈಸೆ ಕೊಡಲಿಲ್ಲ. ಬ್ಯಾನರಿನ ಬಟ್ಟೆಗೆ ಕಾಸು ಕೊಟ್ಟೆವು, ಬಣ್ಣಕ್ಕೆ ಕೊಟ್ಟೆವು, ಮೈಕಿನವನಿಗೆ ಕೊಟ್ಟೆವು. ರಾತ್ರಿಯೆಲ್ಲ ಕೂತು ಬರೆದವಳಿಗೆ ಟೀ ಕೊಟ್ಟೆವು. ನಗರದವರು ಹೋದ ಮೇಲೆ ಅವಳೇ ಕೇಳಿದಳು: ‘ಅಣ್ಣ, ಅವರು ನನ್ನ ಗೆರೆ ಬೇಡ ಅಂದ್ರು. ನೀವು ಗೆರೆ ತಗೊಂಡು ಹೆಸರು ಬೇಡ ಅಂದ್ರಿ. ಯಾರ ಮೇಲೆ ಸಿಟ್ಟು ಮಾಡ್ಕೊಳ್ಲಿ?’ ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ.

ಉತ್ತರ ಮಾತಿನಲ್ಲಿ ಕೊಟ್ಟರೆ ಸಾಲದು. ಆದ್ದರಿಂದ ಈ ತೀರ್ಮಾನಗಳು. ನಮ್ಮ ಮುಂದಿನ ಸಂಚಿಕೆ ಚಿತ್ರಕತೆಗಳ ಸಂಕಲನ. ಒಂದು, ಗೆರೆ ಎಳೆದವರ ಹೆಸರು ಕತೆಯ ಹೆಸರಿನಷ್ಟೇ ದೊಡ್ಡದಾಗಿ ಬರುತ್ತದೆ. ಎರಡು, ಬರೆದ ಎಲ್ಲರಿಗೂ ಸಂಭಾವನೆ. ಪುಟಕ್ಕೆ ಒಂದು ದಿನದ ಕೂಲಿಗಿಂತ ಕಡಿಮೆ ಇಲ್ಲ. ಕಾಸು ಸಾಲದಿದ್ದರೆ ಪುಟ ಕಡಿಮೆ ಮಾಡುತ್ತೇವೆ, ಕೂಲಿ ಕಡಿಮೆ ಮಾಡುವುದಿಲ್ಲ. ಮೂರು, ಆರಿಸುವವರು ಮೂವರು, ಅದರಲ್ಲಿ ಒಬ್ಬಳು ಆ ಹುಡುಗಿ. ಮರು ಸಂಚಿಕೆಗೆ ಮೂವರೂ ಬದಲು. ನಾಲ್ಕು, ಇಂಥದ್ದೇ ಕತೆ ಬರೆಯಿರಿ ಎಂದು ಯಾರಿಗೂ ಹೇಳುವುದಿಲ್ಲ. ಬಾವಿಯ ಕತೆ ಬರಲಿ, ಪ್ರೇಮದ್ದು ಬರಲಿ, ದೆವ್ವದ್ದು ಬರಲಿ, ನಗೆಯದು ಬರಲಿ. ನಗರದ ಗೆಳೆಯರಿಗೂ ಬಾಗಿಲು ತೆರೆದಿದೆ. ಅವರೂ ಬರೆದು ಕಳಿಸಲಿ, ನಮ್ಮವರ ಜೊತೆ ಅದೇ ಸಾಲಿನಲ್ಲಿ ಕೂರಲಿ.

ಹಳ್ಳಿಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಕೋರಿಕೆ. ಇದಕ್ಕೆ ದೊಡ್ಡ ಬಂಡವಾಳ ಬೇಡ. ವರ್ಲ್ಡ್ ಕಾಮಿಕ್ಸ್ ಇಂಡಿಯಾ ಎಂಬ ಗುಂಪು ಹಳ್ಳಿಗಳಲ್ಲಿ ಎರಡು ಎ೪ ಹಾಳೆ ಜೋಡಿಸಿ, ನಾಲ್ಕು ಚೌಕದಲ್ಲಿ ಕತೆ ಬರೆಸಿ, ಜೆರಾಕ್ಸ್ ಮಾಡಿ ಗೋಡೆಗೆ ಅಂಟಿಸುವುದನ್ನು ಕಲಿಸುತ್ತ ಬಂದಿದೆ. ಇನ್ನೂ ಸುಲಭದ್ದು ಬೇಕಾದರೆ ಒಂದು ಎ೪ ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಿಸಿ ಬಿಚ್ಚಿ, ನಡುವಿನ ಮಡಿಕೆಯಲ್ಲಿ ಒಂದು ಸೀಳು ಕೊಟ್ಟು ಮಡಚಿದರೆ ೮ ಪುಟದ ಪುಸ್ತಕ. ಮಕ್ಕಳ ಕೈಗೆ ಪೆನ್ಸಿಲು ಕೊಡಿ. ಅವರ ರಾಕ್ಷಸ ಯಾವ ಬಣ್ಣದಲ್ಲಿ ಬರುತ್ತಾನೆ ನೋಡೋಣ. ಕೈ ತೊಳೆದುಕೊಂಡು ಬಾ ಎಂದು ಮಾತ್ರ ಯಾರಿಗೂ ಹೇಳಬೇಡಿ. ಹೇಳುವುದಾದರೆ ಎಲ್ಲರಿಗೂ ಹೇಳಿ.

ಆ ೯ ಪುಟಗಳ ಕತೆ ಮುಂದಿನ ಸಂಚಿಕೆಯ ಮೊದಲ ಕತೆ. ಅದರ ಒಂದು ಗೆರೆಯನ್ನೂ ತಿದ್ದಿಸಿಲ್ಲ. ನಿಮ್ಮ ಕೈಯದೂ ಕಳಿಸಿ.